ನಾರ್ಕೊಲೆಪ್ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ಕೊಲೆಪ್ಸಿ ಎಂದರೆ ವಿಪರೀತ ನಿದ್ದೆ ಮಾಡುವ ಕಾಯಿಲೆಯೇ?

ಅಲ್ಲ. ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಹಾಕಿದರೆ ನಾರ್ಕೊಲೆಪ್ಸಿ ಇರುವವರ ಒಟ್ಟು ನಿದ್ದೆ ಉಳಿದವರಿಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಇಲ್ಲಿ ಕೆಟ್ಟಿರುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಗಡಿ. ಹಗಲು ಎಚ್ಚರದೊಳಗೆ ನಿದ್ದೆ ನುಗ್ಗುತ್ತದೆ, ರಾತ್ರಿ ನಿದ್ದೆಯೊಳಗೆ ಎಚ್ಚರ ನುಗ್ಗುತ್ತದೆ. ಕನಸಿನ ನಿದ್ದೆಗೆ ಸೇರಿದ ಕೆಲವು ಲಕ್ಷಣಗಳು ಕಣ್ಣು ತೆರೆದಿರುವಾಗಲೇ ಕಾಣಿಸಿಕೊಳ್ಳುತ್ತವೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಬಹಳಷ್ಟು ಉತ್ತರಗಳು ತಾವಾಗಿಯೇ ಅರ್ಥವಾಗುತ್ತವೆ.

ಇದು ನರಮಂಡಲದ ಕಾಯಿಲೆ. ಸೋಮಾರಿತನವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಸುಮಾರು 2,000 ಜನರಲ್ಲಿ ಒಬ್ಬರಿಗೆ ಇರುತ್ತದೆಂದು ಅಂದಾಜು. ಸಾಮಾನ್ಯವಾಗಿ 10ರಿಂದ 25 ವರ್ಷದೊಳಗೆ ಶುರುವಾಗುತ್ತದೆ. ಕೆಲವರಲ್ಲಿ 35ರ ಆಸುಪಾಸು. ಶುರುವಾದ ಮೇಲೆ ಹೆಸರು ಗೊತ್ತಾಗುವಷ್ಟರಲ್ಲಿ ಎಷ್ಟೋ ಜನರಿಗೆ ಹತ್ತು ವರ್ಷ ಕಳೆದಿರುತ್ತದೆ. ಓದುವ, ಕೆಲಸಕ್ಕೆ ಸೇರುವ ವಯಸ್ಸೇ ಹೀಗೆ ಬೈಗುಳ ಕೇಳುತ್ತಾ ಕಳೆದುಹೋಗುತ್ತದೆ. ಈ ಕಾಯಿಲೆಯಲ್ಲಿ ಅತ್ಯಂತ ದೊಡ್ಡ ನಷ್ಟ ಇದೇ ಎಂದು ನಮ್ಮ ಅಭಿಪ್ರಾಯ.

ಮೆದುಳಿನಲ್ಲಿ ಏನಾಗಿರುತ್ತದೆ?

ಮೆದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಚಿಕ್ಕ ಭಾಗವಿದೆ. ಅಲ್ಲಿನ ಹತ್ತಾರು ಸಾವಿರ ನರಕೋಶಗಳು ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಹೈಪೊಕ್ರೆಟಿನ್ ಎಂದರೂ ಅದೇ. 1998ರಲ್ಲಿ ಎರಡು ಸಂಶೋಧನಾ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು, ಹಾಗಾಗಿ ಎರಡು ಹೆಸರೂ ಉಳಿದುಕೊಂಡವು. ಎಚ್ಚರವನ್ನು ಕಾಯುವ ಉಳಿದ ನರಕೇಂದ್ರಗಳನ್ನೆಲ್ಲ ಒಂದೇ ಸಮನೆ ಚುರುಕಾಗಿಡುವುದು, ಕನಸಿನ ನಿದ್ದೆ ಅಂದರೆ ರೆಮ್ ನಿದ್ದೆ ಹೊತ್ತಲ್ಲದ ಹೊತ್ತಿನಲ್ಲಿ ಬಾರದಂತೆ ತಡೆಯುವುದು ಒರೆಕ್ಸಿನ್ನಿನ ಕೆಲಸ. ಬಾಗಿಲಿಗೆ ಹಾಕುವ ಚಿಲಕದ ಹಾಗೆ: ಚಿಲಕ ಇಲ್ಲದ ಬಾಗಿಲು ಸಣ್ಣ ಗಾಳಿಗೂ ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ.

ನಾರ್ಕೊಲೆಪ್ಸಿಯಲ್ಲಿ ಎರಡು ಬಗೆ, ವಿವರ ಮುಂದಿದೆ. ಟೈಪ್ 1 ಎಂಬ ಬಗೆಯಲ್ಲಿ ಈ ಕೋಶಗಳು ಬಹುತೇಕ ಪೂರ್ತಿ ನಾಶವಾಗಿರುತ್ತವೆ. ಕಾಯಿಲೆಗೆ ನಾರ್ಕೊಲೆಪ್ಸಿ ಎಂದು ಫ್ರಾನ್ಸಿನ ವೈದ್ಯ ಗೆಲಿನೊ ಹೆಸರಿಟ್ಟಿದ್ದು 1880ರಲ್ಲಿ. ಸತ್ತವರ ಮೆದುಳನ್ನು ಪರೀಕ್ಷಿಸಿ ಒರೆಕ್ಸಿನ್ ಕೋಶಗಳೇ ಇಲ್ಲವೆಂದು ತೋರಿಸಿದ್ದು 2000ದಲ್ಲಿ. ನಡುವಿನ 120 ವರ್ಷದಲ್ಲಿ ಬಹುಕಾಲ ಇದು ಮಾನಸಿಕ ಕಾಯಿಲೆಯೋ ಏನೋ ಎಂಬ ಅನುಮಾನ ಪೂರ್ತಿ ಹೋಗಿರಲಿಲ್ಲ.

ನಿದ್ದೆ ಹತ್ತಿದ ಮೇಲೆ ಮೊದಲ ರೆಮ್ ಹಂತ ಬರಲು ಆರೋಗ್ಯವಂತರಲ್ಲಿ 60ರಿಂದ 90 ನಿಮಿಷ ಬೇಕು. ನಾರ್ಕೊಲೆಪ್ಸಿಯಲ್ಲಿ ಅದು 15 ನಿಮಿಷದೊಳಗೇ ಬಂದುಬಿಡಬಹುದು. ಹತ್ತು ನಿಮಿಷದ ಜೋಂಪಿನಲ್ಲೂ ಉದ್ದುದ್ದ ಕನಸು ಬೀಳುವುದು ಇದರಿಂದಲೇ.

ಆ ಕೋಶಗಳು ಏಕೆ ಸಾಯುತ್ತವೆ? ಮಕ್ಕಳಿಗೂ ಬರುತ್ತದೆಯೇ?

ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ಈ ಕೋಶಗಳ ಮೇಲೆ ದಾಳಿ ಮಾಡುತ್ತದೆ ಎಂಬುದಕ್ಕೆ ಬಲವಾದ ಪುರಾವೆಗಳಿವೆ. ಟೈಪ್ 1 ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಎಚ್‌ಎಲ್‌ಎ-ಡಿಕ್ಯೂಬಿ1*06:02 ಎಂಬ ವಂಶವಾಹಿ ಮಾದರಿ ಕಾಣುತ್ತದೆ. ಸೋಂಕು ಕಿಡಿ ಹೊತ್ತಿಸಬಹುದು. 2009ರ ಎಚ್1ಎನ್1 ಜ್ವರದ ನಂತರ ಚೀನಾದಲ್ಲಿ ಹೊಸ ರೋಗಿಗಳ ಸಂಖ್ಯೆ ಏರಿತು. ಆಗ ಬಳಸಿದ ಪ್ಯಾಂಡೆಮ್ರಿಕ್ಸ್ ಎಂಬ ಒಂದು ನಿರ್ದಿಷ್ಟ ಲಸಿಕೆಯ ನಂತರ ಫಿನ್ಲೆಂಡ್, ಸ್ವೀಡನ್‌ನ ಮಕ್ಕಳಲ್ಲೂ ಹದಿಹರೆಯದವರಲ್ಲೂ ಏರಿಕೆ ಕಂಡಿತು. ಆ ಲಸಿಕೆ ಈಗ ಬಳಕೆಯಲ್ಲಿಲ್ಲ.

ವಂಶವಾಹಿ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ತಂದೆಗೋ ತಾಯಿಗೋ ಟೈಪ್ 1 ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಒಂದೆರಡು ಮಾತ್ರ. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದೇ ಹೆಚ್ಚು.

ಹಗಲು ತೂಕಡಿಕೆ ಎಲ್ಲರಿಗೂ ಬರುತ್ತದಲ್ಲ, ಇದರಲ್ಲೇನು ವಿಶೇಷ?

ರಾತ್ರಿ ಸಾಕಷ್ಟು ಮಲಗಿದ ಮೇಲೂ ಬರುವುದು, ದಿನವೂ ಬರುವುದು, ತಿಂಗಳುಗಟ್ಟಲೆ ಬಿಡದಿರುವುದು. ರೋಗನಿರ್ಣಯಕ್ಕೆ ಕನಿಷ್ಠ ಮೂರು ತಿಂಗಳು ಹೀಗಿರಬೇಕು. ಸುಮ್ಮನೆ ಕೂತಾಗ ತೂಕಡಿಸುವುದು ಒಂದು ಮಾತು. ಮಾತನಾಡುತ್ತಾ, ಊಟ ಮಾಡುತ್ತಾ, ನಿಂತಲ್ಲೇ ನಿದ್ದೆ ಹೋಗುವುದು ಬೇರೆಯೇ ಮಾತು.

ಇನ್ನೊಂದು ಗುರುತು: ಹದಿನೈದು ನಿಮಿಷ ಮಲಗಿದರೆ ನಾರ್ಕೊಲೆಪ್ಸಿ ಇರುವವರು, ಅದರಲ್ಲೂ ಟೈಪ್ 1 ಇರುವವರು, ತಾಜಾ ಆಗಿ ಏಳುತ್ತಾರೆ; ಒಂದೆರಡು ಗಂಟೆಯಲ್ಲಿ ಮತ್ತೆ ಮಂಪರು ಹತ್ತುತ್ತದೆ. ಎಷ್ಟು ಮಲಗಿದರೂ ತಲೆ ಭಾರ ಇಳಿಯುವುದೇ ಇಲ್ಲ ಎನ್ನುವವರಲ್ಲಿ ಇಡಿಯೋಪಥಿಕ್ ಹೈಪರ್‌ಸಾಮ್ನಿಯಾ ಎಂಬ ಬೇರೆ ತೊಂದರೆಯನ್ನೂ ವೈದ್ಯರು ಯೋಚಿಸುತ್ತಾರೆ.

ಪೂರ್ತಿ ನಿದ್ದೆ ಹೋಗದೆ ಕೆಲವು ಸೆಕೆಂಡು ಮಾತ್ರ ಮೆದುಳು ಜಾರುವುದೂ ಉಂಟು. ಕೈ ಆಗ ತನ್ನ ಕೆಲಸ ಮುಂದುವರಿಸುತ್ತಿರುತ್ತದೆ. ತರಗತಿಯ ನೋಟ್ಸ್ ತೆಗೆದು ನೋಡಿ: ಮೇಲಿನ ಐದಾರು ಸಾಲು ನೇರ, ಸ್ಪಷ್ಟ, ಆಮೇಲೆ ಅಕ್ಷರ ಹಿಗ್ಗುತ್ತದೆ, ಗೆರೆ ಬಿಟ್ಟು ಕೆಳಗೆ ಇಳಿಯುತ್ತದೆ, ಪಾಠಕ್ಕೆ ಸಂಬಂಧವೇ ಇಲ್ಲದ ಒಂದೆರಡು ಪದ ಬಂದು ಕೊನೆಗೆ ಬರೀ ಗೀಚು. ಬರೆದವರಿಗೆ ಬರೆದ ನೆನಪೇ ಇರುವುದಿಲ್ಲ. ಅಂಥ ಪುಟವೊಂದನ್ನು ವೈದ್ಯರಿಗೆ ತೋರಿಸಿದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ನಕ್ಕಾಗ ಮಂಡಿ ಕುಸಿಯುತ್ತದೆ. ಇದಕ್ಕೂ ನಿದ್ದೆಗೂ ಏನು ಸಂಬಂಧ?

ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಟೈಪ್ 1ರ ಹೆಗ್ಗುರುತು ಇದೇ. ರೆಮ್ ನಿದ್ದೆಯಲ್ಲಿ ನಾವು ಕಂಡ ಕನಸಿನಂತೆ ಎದ್ದು ಓಡದಿರಲೆಂದು ಮೆದುಳು ಕೈಕಾಲಿನ ಸ್ನಾಯುಗಳ ಬಿಗಿಯನ್ನು ತೆಗೆದುಬಿಡುತ್ತದೆ. ಕ್ಯಾಟಪ್ಲೆಕ್ಸಿಯಲ್ಲಿ ಅದೇ ವ್ಯವಸ್ಥೆ ಎಚ್ಚರವಿರುವಾಗಲೇ ಚಾಲೂ ಆಗುತ್ತದೆ. ಕಿಡಿ ಹಚ್ಚುವುದು ಭಾವನೆ. ಅದರಲ್ಲೂ ಸಂತೋಷದ ಭಾವನೆ: ಜೋರು ನಗು, ತಾನೇ ತಮಾಷೆ ಹೇಳಿ ಮುಗಿಸುವ ಕ್ಷಣ, ಅನಿರೀಕ್ಷಿತವಾಗಿ ಸಿಕ್ಕ ಗೆಳೆಯ. ಸಿಟ್ಟು, ಬೆಚ್ಚುವಿಕೆಯಿಂದಲೂ ಆಗಬಹುದು.

ಎಲ್ಲರೂ ಧೊಪ್ಪನೆ ನೆಲಕ್ಕೆ ಬೀಳುತ್ತಾರೆ ಎಂದುಕೊಳ್ಳಬೇಡಿ. ಹೆಚ್ಚಿನ ಸಲ ಇದು ಬಹಳ ಸಣ್ಣದಾಗಿರುತ್ತದೆ. ಕೆನ್ನೆ ಸಡಿಲವಾಗುತ್ತದೆ, ದವಡೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕುತ್ತಿಗೆ ಎರಡು ಮೂರು ಸಲ ಮುಂದಕ್ಕೆ ವಾಲಿ ಮೇಲೇಳುತ್ತದೆ, ಹಿಡಿದ ಲೋಟ ಕೈಜಾರುತ್ತದೆ. ಕೆಲವು ಸೆಕೆಂಡಿನಿಂದ ಎರಡು ನಿಮಿಷದೊಳಗೆ ಎಲ್ಲ ಸರಿಹೋಗುತ್ತದೆ. ಅಷ್ಟು ಹೊತ್ತೂ ವ್ಯಕ್ತಿಗೆ ಪೂರ್ತಿ ಪ್ರಜ್ಞೆ ಇರುತ್ತದೆ. ಸುತ್ತ ಆಡುವ ಮಾತೆಲ್ಲ ಕೇಳಿಸುತ್ತಿರುತ್ತದೆ, ಉತ್ತರಿಸಲು ಮಾತ್ರ ಆಗುವುದಿಲ್ಲ. ಫಿಟ್ಸ್‌ನಿಂದಲೂ ತಲೆಸುತ್ತಿ ಬೀಳುವುದರಿಂದಲೂ ಇದನ್ನು ಬೇರೆ ಮಾಡುವ ಮುಖ್ಯ ಅಂಶ ಈ ಪ್ರಜ್ಞೆಯೇ. ಉಸಿರಾಟಕ್ಕೆ ತೊಂದರೆಯಾಗುವುದಿಲ್ಲ.

ಇದನ್ನು ಫಿಟ್ಸ್ ಎಂದು ತಿಳಿದು ವರ್ಷಗಟ್ಟಲೆ ಆ ಮಾತ್ರೆ ನುಂಗಿದವರಿದ್ದಾರೆ. ಆದ್ದರಿಂದ ಮನೆಯವರು ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳುವುದು ತುಂಬ ಉಪಯುಕ್ತ. ಮುಖ ಕಾಣುವಂತೆ, ಶುರುವಾಗುವ ಮೊದಲಿನ ನಗುವೂ ಸೇರುವಂತೆ ಇರಲಿ.

ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವರು ಏನು ಮಾಡಬೇಕು?

ತಲೆ ಗಟ್ಟಿ ವಸ್ತುವಿಗೆ ಬಡಿಯದಂತೆ ಆಸರೆ ಕೊಡಿ, ಮೆಲ್ಲಗೆ ಕೂರಿಸಿ ಅಥವಾ ಮಲಗಿಸಿ, ಕಾಯಿರಿ. ಬಾಯಿಗೆ ನೀರು ಹಾಕಬೇಡಿ, ಏನನ್ನೂ ತುರುಕಬೇಡಿ. ಅಲುಗಾಡಿಸಿ ಎಬ್ಬಿಸುವ ಅಗತ್ಯವೂ ಇಲ್ಲ, ಅವರು ಎಚ್ಚರವಾಗಿಯೇ ಇದ್ದಾರೆ. ಇನ್ನಷ್ಟು ನಗಿಸಿದರೆ ಒಂದರ ಹಿಂದೆ ಒಂದು ಬರಬಹುದು. ವ್ಯಕ್ತಿಗೆ ಪ್ರಜ್ಞೆ ತಪ್ಪಿದ್ದರೆ, ಕೈಕಾಲು ಸೆಟೆದು ಅದುರುತ್ತಿದ್ದರೆ ಅಥವಾ ದೇಹದ ಒಂದೇ ಪಕ್ಕ ಬಲ ಕಳೆದುಕೊಂಡಿದ್ದರೆ ಅದು ಕ್ಯಾಟಪ್ಲೆಕ್ಸಿ ಎಂದುಕೊಂಡು ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಎಚ್ಚರವಾದಾಗ ಮೈ ಅಲುಗಾಡುವುದಿಲ್ಲ, ಕೋಣೆಯಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಹುಚ್ಚೇ?

ಹುಚ್ಚಲ್ಲ. ಮೊದಲನೆಯದು ಸ್ಲೀಪ್ ಪ್ಯಾರಾಲಿಸಿಸ್, ಎರಡನೆಯದು ನಿದ್ದೆಗೆ ಜಾರುವಾಗ ಅಥವಾ ಏಳುವಾಗ ಬರುವ ಭ್ರಮೆ. ಕನಸು ಮುಗಿಯುವ ಮೊದಲೇ ಎಚ್ಚರವಾಗಿದೆ, ಅಷ್ಟೆ. ನಾರ್ಕೊಲೆಪ್ಸಿ ಇಲ್ಲದ ಎಷ್ಟೋ ಜನರಿಗೂ ಅಪರೂಪಕ್ಕೆ ಹೀಗಾಗುತ್ತದೆ. ಇದೊಂದರಿಂದಲೇ ಕಾಯಿಲೆ ಇದೆ ಎನ್ನಲಾಗದು. ಒಂದೆರಡು ನಿಮಿಷದಲ್ಲಿ ತಾನಾಗಿ ಬಿಡುತ್ತದೆ. ಯಾರಾದರೂ ಮುಟ್ಟಿದರೆ, ಹೆಸರು ಹಿಡಿದು ಕರೆದರೆ ಬೇಗ ಬಿಡುವುದುಂಟು. ನಿದ್ದೆಗೆಟ್ಟಾಗ ಮತ್ತು ಅಂಗಾತ ಮಲಗಿದಾಗ ಹೆಚ್ಚು.

ಹಗಲೆಲ್ಲ ನಿದ್ದೆ ಬರುವವರು ರಾತ್ರಿ ಏಕೆ ಪದೇ ಪದೇ ಏಳುತ್ತಾರೆ?

ಒರೆಕ್ಸಿನ್ ಇಲ್ಲದಿದ್ದರೆ ಎಚ್ಚರದಷ್ಟೇ ನಿದ್ದೆಯೂ ಅಸ್ಥಿರ. ಮಲಗಿದ ಕೂಡಲೇ ನಿದ್ದೆ ಹತ್ತುತ್ತದೆ, ಎರಡು ಗಂಟೆಗೆ ಎಚ್ಚರ, ಮತ್ತೆ ನಿದ್ದೆ, ಮತ್ತೆ ಎಚ್ಚರ. "ರಾತ್ರಿ ಸರಿಯಾಗಿ ಮಲಗು, ಹಗಲು ಸರಿಹೋಗುತ್ತದೆ" ಎಂಬ ಬುದ್ಧಿಮಾತು ಇವರಿಗೆ ನೋವನ್ನಷ್ಟೇ ಕೊಡುತ್ತದೆ.

ಟೈಪ್ 1, ಟೈಪ್ 2 ಎಂದರೇನು?

ಕ್ಯಾಟಪ್ಲೆಕ್ಸಿ ಇದ್ದರೆ ಅಥವಾ ಬೆನ್ನುಹುರಿ ದ್ರವದಲ್ಲಿ ಒರೆಕ್ಸಿನ್ ತೀರ ಕಡಿಮೆ ಇದ್ದರೆ ಟೈಪ್ 1. ಎರಡೂ ಇಲ್ಲದೆ, ತೂಕಡಿಕೆ ಇದ್ದು ನಿದ್ರಾ ಪರೀಕ್ಷೆಯ ಫಲಿತಾಂಶ ಹೊಂದಿದರೆ ಟೈಪ್ 2. ಟೈಪ್ 2 ಎಂದು ಗುರುತಿಸಿದ ಕೆಲವರಿಗೆ ವರ್ಷಗಳ ನಂತರ ಕ್ಯಾಟಪ್ಲೆಕ್ಸಿ ಶುರುವಾಗಿ ಹೆಸರು ಬದಲಾಗುತ್ತದೆ.

ಮಕ್ಕಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ?

ನಿದ್ದೆ ಬಂದ ಮಗು ತೂಕಡಿಸುವ ಬದಲು ಹಠ ಮಾಡಬಹುದು, ಗಮನವಿಲ್ಲದೆ ಚಡಪಡಿಸಬಹುದು. ಹಾಗಾಗಿ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಎಂಬ ಹಣೆಪಟ್ಟಿ ಬೀಳುತ್ತದೆ. ಹಗಲು ನಿದ್ದೆ ಬಿಟ್ಟು ವರ್ಷಗಳಾದ ಮಗು ಮತ್ತೆ ಹಗಲು ಮಲಗತೊಡಗಿದರೆ ಗಮನಿಸಿ. ಶುರುವಿನ ತಿಂಗಳುಗಳಲ್ಲಿ ತೂಕ ತಟ್ಟನೆ ಏರುವುದು ಸಾಮಾನ್ಯ. ಮಕ್ಕಳ ಕ್ಯಾಟಪ್ಲೆಕ್ಸಿಯಲ್ಲಿ ನಗು ಇಲ್ಲದೆಯೂ ಮುಖ ಜೋತುಬಿದ್ದು, ರೆಪ್ಪೆ ಅರ್ಧ ಮುಚ್ಚಿ, ನಾಲಿಗೆ ಹೊರಚಾಚಿರುತ್ತದೆ, ನಡಿಗೆ ತೂರಾಡುತ್ತದೆ. ಬೇಕೆಂದೇ ಮುಖ ಹಾಗೆ ಮಾಡುತ್ತಿದೆ ಎಂದು ಮಗುವನ್ನು ಗದರಿಸಬೇಡಿ.

ವೈದ್ಯರ ಬಳಿ ಹೋಗುವ ಮೊದಲು ಏನು ಸಿದ್ಧಮಾಡಿಕೊಳ್ಳಬೇಕು?

ನಿದ್ರಾ ತಜ್ಞರು ಅಥವಾ ನರರೋಗ ತಜ್ಞರನ್ನು ಕಾಣಿ. ಎರಡು ವಾರದ ನಿದ್ದೆ ಡೈರಿ ಒಯ್ಯಿರಿ: ದಿನವೂ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎಚ್ಚರವಾದ ಸಲ, ಹಗಲಿನ ಜೋಂಪು, ಕುಡಿದ ಕಾಫಿ-ಟೀ. ರಜೆಯ ದಿನಗಳನ್ನು ಬಿಡಬೇಡಿ. ವಾರದ ದಿನ ಐದು ಗಂಟೆ, ರಜೆಯಲ್ಲಿ ಹತ್ತು ಗಂಟೆ ಮಲಗುವವರ ತೊಂದರೆ ಬಹುಪಾಲು ನಿದ್ದೆಯ ಸಾಲವೇ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿ, ಸಾಧ್ಯವಾದರೆ ವಿಡಿಯೊ, ಗೊರಕೆಯ ಬಗ್ಗೆ ಹೇಳಬಲ್ಲ ಮನೆಯವರೊಬ್ಬರು ಜೊತೆಗಿರಲಿ.

ಎಪ್‌ವರ್ತ್ ಮಾಪಕ ಎಂಬ ಪ್ರಶ್ನಾವಳಿ ಕೊಡಬಹುದು. ಎಂಟು ಸನ್ನಿವೇಶ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 24. ಹತ್ತಕ್ಕಿಂತ ಹೆಚ್ಚು ಬಂದರೆ ಹಗಲಿನ ನಿದ್ದೆ ಮಿತಿಮೀರಿದೆ ಎಂದರ್ಥ; ಕಾರಣ ಯಾವುದೆಂದು ಅದು ಹೇಳುವುದಿಲ್ಲ. ಸ್ಲೀಪ್ ಆ್ಯಪ್ನಿಯಾ (ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ), ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ನಿದ್ದೆ ತರಿಸುವ ಔಷಧಗಳು, ಪಾಳಿ ಕೆಲಸ ಇವನ್ನೆಲ್ಲ ಮೊದಲು ನೋಡಬೇಕು.

ಪರೀಕ್ಷೆ ಹೇಗೆ ನಡೆಯುತ್ತದೆ?

ಒಂದು ರಾತ್ರಿ, ಮರುದಿನ ಇಡೀ ಹಗಲು. ರಾತ್ರಿ ಪಾಲಿಸಾಮ್ನೋಗ್ರಫಿ: ನೆತ್ತಿ, ಕಣ್ಣಿನ ಅಂಚು, ಗದ್ದ, ಕಾಲುಗಳಿಗೆ ವೈರು ಅಂಟಿಸಿ ಮೆದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುವಿನ ಬಿಗಿ, ಉಸಿರಾಟ ದಾಖಲಿಸುತ್ತಾರೆ. ಆ್ಯಪ್ನಿಯಾ ಇಲ್ಲವೆಂದೂ ಕನಿಷ್ಠ ಆರು ಗಂಟೆ ನಿದ್ದೆಯಾಗಿದೆಯೆಂದೂ ಖಾತ್ರಿಮಾಡಿಕೊಳ್ಳಲು ಇದು ಬೇಕು.

ಬೆಳಿಗ್ಗೆ ಎದ್ದ ಒಂದೂವರೆಯಿಂದ ಮೂರು ಗಂಟೆಯೊಳಗೆ ಎಂಎಸ್‌ಎಲ್‌ಟಿ, ಅಂದರೆ ಹಗಲಿನಲ್ಲಿ ಎಷ್ಟು ಬೇಗ ನಿದ್ದೆ ಹತ್ತುತ್ತದೆಂದು ಅಳೆಯುವ ಪರೀಕ್ಷೆ, ಶುರು. ಎರಡು ಗಂಟೆಗೊಮ್ಮೆ ಐದು ಸಲ ಕತ್ತಲೆ ಕೋಣೆಯಲ್ಲಿ ಮಲಗಿಸಿ ನಿದ್ದೆ ಮಾಡಲು ಹೇಳುತ್ತಾರೆ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಆ ಸರದಿ ಮುಗಿಯಿತು, 20 ಎಂದೇ ಬರೆದುಕೊಳ್ಳುತ್ತಾರೆ. ಬಂದರೆ ರೆಮ್ ಕಾಣುತ್ತದೆಯೇ ಎಂದು ಇನ್ನೂ ಹದಿನೈದು ನಿಮಿಷ ನೋಡುತ್ತಾರೆ. ನಡುವಿನ ಹೊತ್ತಿನಲ್ಲಿ ಹಾಸಿಗೆ ಬಿಟ್ಟು ಎಚ್ಚರವಾಗಿರಬೇಕು. ನಿದ್ದೆ ಹತ್ತಲು ಹಿಡಿದ ಸರಾಸರಿ ಹೊತ್ತು 8 ನಿಮಿಷ ಅಥವಾ ಕಡಿಮೆ ಇದ್ದು, ಕನಿಷ್ಠ ಎರಡು ಸಲ 15 ನಿಮಿಷದೊಳಗೆ ರೆಮ್ ಬಂದಿದ್ದರೆ ಫಲಿತಾಂಶ ನಾರ್ಕೊಲೆಪ್ಸಿಗೆ ಹೊಂದುತ್ತದೆ. ಹಿಂದಿನ ರಾತ್ರಿ ಅಷ್ಟು ಬೇಗ ರೆಮ್ ಬಂದಿದ್ದರೆ ಅದನ್ನೂ ಒಂದೆಂದು ಎಣಿಸುತ್ತಾರೆ.

ಪರೀಕ್ಷೆ ತಪ್ಪು ಹೇಳಬಹುದೇ?

ಖಂಡಿತ, ಮತ್ತು ಹೆಚ್ಚಿನ ಸಲ ತಪ್ಪು ತಯಾರಿಯಲ್ಲೇ ಇರುತ್ತದೆ. ಖಿನ್ನತೆಯ ಮಾತ್ರೆಗಳು ರೆಮ್ ನಿದ್ದೆಯನ್ನು ಅದುಮುತ್ತವೆ. ನುಂಗುತ್ತಲೇ ಪರೀಕ್ಷೆಗೆ ಹೋದರೆ ಇದ್ದ ಕಾಯಿಲೆ ಕಾಣಿಸುವುದಿಲ್ಲ. ಹಾಗೆಂದು ಹಿಂದಿನ ದಿನ ತಟ್ಟನೆ ನಿಲ್ಲಿಸಿದರೆ ರೆಮ್ ಉಕ್ಕಿಬಂದು ಇಲ್ಲದ ಕಾಯಿಲೆ ಕಾಣಬಹುದು. ಸಾಮಾನ್ಯವಾಗಿ ಎರಡು ವಾರ ಮೊದಲು, ಫ್ಲುಯಾಕ್ಸೆಟಿನ್ ಆದರೆ ಇನ್ನೂ ಮೊದಲೇ, ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ನಿಲ್ಲಿಸಬೇಕು. ನಿಲ್ಲಿಸುವುದೇ ಅಪಾಯ ಎನ್ನುವಂಥ ಖಿನ್ನತೆ ಇದ್ದರೆ ನಿಲ್ಲಿಸಬಾರದು. ವೈದ್ಯರು ಬೇರೆ ದಾರಿ ನೋಡುತ್ತಾರೆ.

ಪರೀಕ್ಷೆಗೆ ಮೊದಲಿನ ಒಂದೆರಡು ವಾರ ನಿದ್ದೆಗೆಟ್ಟಿದ್ದರೆ, ರಾತ್ರಿ ಪಾಳಿ ಮಾಡಿದ್ದರೆ, ತಡವಾಗಿ ಮಲಗಿ ತಡವಾಗಿ ಏಳುವ ರೂಢಿ ಇದ್ದರೆ ಆರೋಗ್ಯವಂತರಲ್ಲೂ ಬೆಳಗಿನ ಸರದಿಗಳಲ್ಲಿ ರೆಮ್ ಕಾಣುತ್ತದೆ. ಪರೀಕ್ಷೆಯ ದಿನ ಕಾಫಿ ಕುಡಿದರೆ ಉಲ್ಟಾ ತಪ್ಪು. ಟೈಪ್ 2ರಲ್ಲಿ ಮರುಪರೀಕ್ಷೆ ಮಾಡಿದಾಗ ಫಲಿತಾಂಶ ಬದಲಾಗುವುದು ಸಾಮಾನ್ಯ. ಲಕ್ಷಣಗಳು ಬಲವಾಗಿದ್ದು ಫಲಿತಾಂಶ ಹೊಂದದಿದ್ದರೆ ಮತ್ತೊಮ್ಮೆ ಮಾಡಿಸಿ ಎಂದು ಕೇಳಲು ಹಿಂಜರಿಯಬೇಡಿ.

ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ?

ಎಚ್‌ಎಲ್‌ಎ ಪರೀಕ್ಷೆ ಪಾಸಿಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ. ಆ ಮಾದರಿ ಜನಸಾಮಾನ್ಯರಲ್ಲೂ ನೂರಕ್ಕೆ 12ರಿಂದ 30 ಜನರಲ್ಲಿದೆ. ನೆಗೆಟಿವ್ ಬಂದರೆ ಟೈಪ್ 1 ಇರುವ ಸಾಧ್ಯತೆ ತುಂಬ ಕಡಿಮೆ. ಸ್ಪಷ್ಟ ಉತ್ತರ ಕೊಡುವುದು ಬೆನ್ನುಹುರಿ ದ್ರವದ ಒರೆಕ್ಸಿನ್ ಪರೀಕ್ಷೆ: ಮಿಲಿಲೀಟರಿಗೆ 110 ಪಿಕೊಗ್ರಾಂ ಅಥವಾ ಕಡಿಮೆ ಇದ್ದರೆ ಟೈಪ್ 1. ಸೊಂಟದ ಬಳಿ ಸೂಜಿ ಹಾಕಿ ದ್ರವ ತೆಗೆಯಬೇಕಾದ್ದರಿಂದ ಎಲ್ಲರಿಗೂ ಮಾಡುವುದಿಲ್ಲ. ಖಿನ್ನತೆಯ ಮಾತ್ರೆ ನಿಲ್ಲಿಸಲಾಗದವರಿಗೆ ಇದು ಒಳ್ಳೆಯ ದಾರಿ.

ವಾಸಿಯಾಗುತ್ತದೆಯೇ? ಯಾವ ಔಷಧಗಳಿವೆ?

ಸತ್ತ ಕೋಶಗಳನ್ನು ಮರಳಿ ತರುವ ಚಿಕಿತ್ಸೆ ಇಲ್ಲ. ಲಕ್ಷಣಗಳನ್ನು ಬಹಳಮಟ್ಟಿಗೆ ಹಿಡಿತಕ್ಕೆ ತರಬಹುದು.

ಹಗಲಿನ ನಿದ್ದೆಗೆ ಹೆಚ್ಚಾಗಿ ಮೊದಲು ಕೊಡುವುದು ಮೊಡಾಫಿನಿಲ್. ದಿನಕ್ಕೆ 100 ಅಥವಾ 200 ಮಿಲಿಗ್ರಾಂನಿಂದ ಶುರುಮಾಡಿ ಬೇಕಿದ್ದರೆ 400ರವರೆಗೆ, ಬೆಳಿಗ್ಗೆ ಒಂದೇ ಸಲ ಅಥವಾ ಬೆಳಿಗ್ಗೆ ಮತ್ತು ಮಧ್ಯಾಹ್ನ ಹಂಚಿ. ಮಧ್ಯಾಹ್ನ ದಾಟಿದ ಮೇಲೆ ನುಂಗಿದರೆ ರಾತ್ರಿ ನಿದ್ದೆ ಕೆಡುತ್ತದೆ. ತಲೆನೋವು, ವಾಕರಿಕೆ ಮೊದಲ ದಿನಗಳಲ್ಲಿ ಸಾಮಾನ್ಯ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ. ಅಪರೂಪವಾದರೂ ಗಂಭೀರ ಚರ್ಮದ ಪ್ರತಿಕ್ರಿಯೆಯ ಸೂಚನೆ ಅದು. ಆರ್ಮೊಡಾಫಿನಿಲ್, ಸೋಲ್ರಿಯಾಮ್ಫೆಟಾಲ್, ಪಿಟೋಲಿಸಂಟ್, ಮೀಥೈಲ್‌ಫೆನಿಡೇಟ್ ಕೂಡ ಬಳಕೆಯಲ್ಲಿವೆ. ಪಿಟೋಲಿಸಂಟ್ ಪೂರ್ತಿ ಕೆಲಸ ಮಾಡಲು ವಾರಗಳು ಬೇಕು, ನಾಲ್ಕು ದಿನ ನೋಡಿ ಕೈಬಿಡಬಾರದು. ಮೀಥೈಲ್‌ಫೆನಿಡೇಟ್, ಸೋಲ್ರಿಯಾಮ್ಫೆಟಾಲ್ ನುಂಗುವವರು ರಕ್ತದೊತ್ತಡ ನೋಡಿಸಿಕೊಳ್ಳುತ್ತಿರಬೇಕು.

ಕ್ಯಾಟಪ್ಲೆಕ್ಸಿಗೆ ವೆನ್ಲಾಫ್ಯಾಕ್ಸಿನ್‌ನಂಥ ಖಿನ್ನತೆ-ನಿವಾರಕಗಳನ್ನು ಕೊಡುತ್ತಾರೆ. ಖಿನ್ನತೆ ಇದೆ ಎಂದಲ್ಲ, ರೆಮ್ ಅದುಮುತ್ತವೆ ಎಂದು. ಪಿಟೋಲಿಸಂಟ್ ಇದಕ್ಕೂ ಆಗುತ್ತದೆ. ಸೋಡಿಯಂ ಆಕ್ಸಿಬೇಟ್ ರಾತ್ರಿ ನಿದ್ದೆ, ಹಗಲಿನ ತೂಕಡಿಕೆ, ಕ್ಯಾಟಪ್ಲೆಕ್ಸಿ ಮೂರಕ್ಕೂ ಕೆಲಸ ಮಾಡುತ್ತದೆ. ಹಾಸಿಗೆಯಲ್ಲಿ ಕೂತು ಮೊದಲ ಡೋಸ್, ಎರಡೂವರೆಯಿಂದ ನಾಲ್ಕು ಗಂಟೆಯ ನಂತರ ಅಲಾರಾಂ ಇಟ್ಟು ಎದ್ದು ಎರಡನೆಯದು. ಊಟಕ್ಕೂ ಮೊದಲ ಡೋಸಿಗೂ ಎರಡು ಗಂಟೆ ಅಂತರ. ಮದ್ಯ ಅಥವಾ ನಿದ್ದೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟ ನಿಲ್ಲಬಹುದು. ಉಪ್ಪಿನಂಶ ಹೆಚ್ಚಿರುವುದರಿಂದ ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ತಿಳಿಸಬೇಕು.

ಎಲ್ಲ ಔಷಧವೂ ಎಲ್ಲ ದೇಶದಲ್ಲಿ ಸಿಗುವುದಿಲ್ಲ. ಡೋಸ್ ನಿರ್ಧರಿಸಬೇಕಾದವರು ನಿಮ್ಮ ವೈದ್ಯರೇ.

ಚೆನ್ನಾಗಿದ್ದೇನೆ ಅನಿಸಿದಾಗ ಮಾತ್ರೆ ಬಿಡಬಹುದೇ?

ಕ್ಯಾಟಪ್ಲೆಕ್ಸಿಯ ಮಾತ್ರೆಯನ್ನು ಒಮ್ಮೆಲೇ ಬಿಡಲೇಬೇಡಿ. ಅದುಮಿಟ್ಟಿದ್ದ ಕ್ಯಾಟಪ್ಲೆಕ್ಸಿ ಮೊದಲಿಗಿಂತ ಜೋರಾಗಿ ಮರುಕಳಿಸಿ, ಗಂಟೆಗಟ್ಟಲೆ ಒಂದರ ಮೇಲೊಂದು ಬರಬಹುದು. ಊರಿಗೆ ಹೊರಟಾಗ ಮಾತ್ರೆ ಎಣಿಸಿ, ಎರಡು ಮೂರು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ.

ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ?

ಇದನ್ನು ಕೇಳದೆ ಬಿಡುವವರೇ ಹೆಚ್ಚು. ಮೊಡಾಫಿನಿಲ್, ಆರ್ಮೊಡಾಫಿನಿಲ್, ಪಿಟೋಲಿಸಂಟ್ ಹಾರ್ಮೋನ್ ಇರುವ ಗರ್ಭನಿರೋಧಕಗಳ ಬಲ ಕುಗ್ಗಿಸುತ್ತವೆ. ಮೊಡಾಫಿನಿಲ್ ನುಂಗುವಷ್ಟು ಕಾಲವೂ ನಿಲ್ಲಿಸಿದ ಒಂದು ತಿಂಗಳವರೆಗೂ ಕಾಂಡೋಮ್ ಅಥವಾ ತಾಮ್ರದ ಕಾಪರ್-ಟಿಯಂಥ ಬೇರೆ ವಿಧಾನ ಬೇಕು. ಮಗು ಬೇಕೆಂದಿದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರೊಂದಿಗೆ ಮಾತಾಡಿ. ಗರ್ಭಿಣಿಯರಿಗೆ ಮೊಡಾಫಿನಿಲ್ ಸಲಹೆ ಮಾಡುವುದಿಲ್ಲ.

ಹಗಲು ಕಿರುನಿದ್ದೆ ಮಾಡಿದರೆ ಕಾಯಿಲೆ ಹೆಚ್ಚುವುದಿಲ್ಲವೇ?

ಇಲ್ಲ. ಅದು ಚಿಕಿತ್ಸೆಯ ಭಾಗ. ನಿದ್ದೆ ಬಂದಾಗ ಮಲಗುವುದಕ್ಕಿಂತ ಬರುವ ಮೊದಲೇ ಮಲಗುವುದು ಮೇಲು. ಒಂದು ವಾರದ ಡೈರಿ ನೋಡಿ ಮಂಪರು ಹೆಚ್ಚಾಗುವ ಎರಡು ಹೊತ್ತು ಗುರುತಿಸಿ, ಅದಕ್ಕಿಂತ ಅರ್ಧ ಗಂಟೆ ಮುಂಚೆ 15ರಿಂದ 20 ನಿಮಿಷ ಮಲಗಿ. ಅಲಾರಾಂ ಕಡ್ಡಾಯ. ಪರೀಕ್ಷೆ, ಸಭೆ, ಪ್ರಯಾಣವಿದ್ದರೆ ಅದಕ್ಕೆ ತಕ್ಕಂತೆ ಹೊಂದಿಸಿ. ಕಿರುನಿದ್ದೆಯೊಂದೇ ಸಾಲುವುದು ಅಪರೂಪ, ಆದರೆ ಮಾತ್ರೆಯ ಜೊತೆ ಅದು ಇಲ್ಲದಿದ್ದರೆ ಸಂಜೆ ಕೈಕೊಡುತ್ತದೆ.

ಕಾಫಿ ಸಾಲದೇ?

ಸಾಲದು. ಸ್ವಲ್ಪ ಹೊತ್ತು ತಡೆಯುತ್ತದೆ, ಸಂಜೆ ಕುಡಿದರೆ ಮೊದಲೇ ಚೂರಾಗಿರುವ ರಾತ್ರಿ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ.

ವಾಹನ ಓಡಿಸಬಹುದೇ?

ಚಿಕಿತ್ಸೆ ಶುರುವಾಗಿ ಹಗಲಿನ ನಿದ್ದೆ, ಕ್ಯಾಟಪ್ಲೆಕ್ಸಿ ಎರಡೂ ಹಿಡಿತಕ್ಕೆ ಬಂದಿವೆ ಎಂದು ವೈದ್ಯರು ಹೇಳುವವರೆಗೆ ಬೇಡ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಅನುಮತಿ ಸಿಕ್ಕ ಮೇಲೂ ಹೊರಡುವ ಮೊದಲು ಕಿರುನಿದ್ದೆ ಮಾಡಿ, ಒಂದು ಗಂಟೆಗಿಂತ ಹೆಚ್ಚು ಒಂದೇ ಸಮ ಓಡಿಸಬೇಡಿ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು ನಿದ್ದೆ ತಡೆಯುವುದಿಲ್ಲ. ರೆಪ್ಪೆ ಭಾರವಾದರೆ ನಿಲ್ಲಿಸುವುದೊಂದೇ ದಾರಿ. ಒಬ್ಬರೇ ಈಜುವುದು, ಏಣಿ ಹತ್ತುವುದು, ತಿರುಗುವ ಯಂತ್ರದ ಮುಂದೆ ನಿಲ್ಲುವುದಕ್ಕೂ ಇದೇ ಎಚ್ಚರಿಕೆ.

ಶಾಲೆಯಲ್ಲಿ, ಕೆಲಸದಲ್ಲಿ ಏನು ಕೇಳಬಹುದು?

ಮಲಗಲು ಒಂದು ಜಾಗ ಮತ್ತು ಇಪ್ಪತ್ತು ನಿಮಿಷ. ಪರೀಕ್ಷೆಯಲ್ಲಿ ಬಿಡುವು ಅಥವಾ ಹೆಚ್ಚುವರಿ ಸಮಯ, ಸಾಧ್ಯವಾದರೆ ಬೆಳಗಿನ ಹೊತ್ತಿಗೆ. ಪಾಳಿ ಬದಲಾಗದ ಕೆಲಸ. ಪಾಠ ರೆಕಾರ್ಡ್ ಮಾಡಿಕೊಳ್ಳಲು ಒಪ್ಪಿಗೆ. ಬಾಯಿಮಾತಿಗಿಂತ ವೈದ್ಯರ ಪತ್ರದಲ್ಲಿ ಇವನ್ನು ಒಂದೊಂದಾಗಿ ಬರೆಸಿಕೊಂಡು ಕೇಳಿದರೆ ಕೆಲಸವಾಗುತ್ತದೆ.

ಶಸ್ತ್ರಚಿಕಿತ್ಸೆ ಇದ್ದರೆ?

ಅರಿವಳಿಕೆ ತಜ್ಞರಿಗೆ ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು, ಡೋಸ್ ಬರೆದುಕೊಡಿ. ಬೆಳಗಿನ ಮಾತ್ರೆ ನುಂಗಬೇಕೇ ಬೇಡವೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಅರಿವಳಿಕೆ ಇಳಿದ ಮೇಲೆ ತಡವಾಗಿ ಎಚ್ಚರವಾದರೆ ಅಥವಾ ಎಚ್ಚರವಿದ್ದೂ ಮೈ ಅಲುಗಾಡದಿದ್ದರೆ ಏಕಿರಬಹುದೆಂದು ವಾರ್ಡಿನ ನರ್ಸ್‌ಗಳಿಗೂ ಗೊತ್ತಿರಬೇಕು. ಜೊತೆಗಿರುವವರ ಕೈಯಲ್ಲೂ ಆ ಚೀಟಿಯ ಒಂದು ಪ್ರತಿ ಇರಲಿ.